ನಮ್ಮನೆಯ ಡ್ರೈವರ್ ಚುನಾವಣೆ

ಗೌರಿಬಿದನೂರು ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಒಂದು ತೊಂದರೆಯಿದೆ. ಎಚ್. ನರಸಿಂಹಯ್ಯನವರ ಹೊಸೂರು ನಮ್ಮ ತಾಲ್ಲೂಕಿನದೇ ಆದ್ದರಿಂದ ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪುವಂತಿಲ್ಲ. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೇ ಒಂದು ಸಮಿತಿ ರಚಿಸಿದ್ದರು. ನನಗೆ ಅಷ್ಟು ದೊಡ್ಡ ಪವಾಡ ಸಿಗಲಿಲ್ಲ. ಮಗನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸಿಕ್ಕಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸೆಕೆಂಡ್ ಹ್ಯಾಂಡ್ ಮಾಲು, ಎನ್‌ವಿಡಿಯಾ ಕಂಪನಿಯ ಪಾಸ್ಕಲ್ ಪೀಳಿಗೆಯದು. ಉಬುಂಟು ಎಂಬ ಲಿನಕ್ಸ್ ಹಾಕಿದ ಕೂಡಲೇ ಪ್ರಶ್ನೆ ಎದ್ದಿತು: ಇದಕ್ಕೆ ಯಾವ ಡ್ರೈವರ್? ಕಂಪನಿಯೇ ಕೊಡುವ ಮುಚ್ಚಿದ ಡ್ರೈವರೋ, ಕಾರ್ಡಿನ ನಡವಳಿಕೆಯನ್ನು ಹೊರಗಿನಿಂದ ಗಮನಿಸಿ ಗಮನಿಸಿ ಸ್ವಯಂಸೇವಕರು ಬರೆದ, 2010ರಿಂದ ಲಿನಕ್ಸ್ ಕರ್ನಲಿನೊಳಗೇ ಇರುವ ನೂವೋ ಎಂಬ ತೆರೆದ ಡ್ರೈವರೋ?

"ಒಳಗೇನಿದೆ ಅಂತ ತೋರಿಸದ ತಂತ್ರಾಂಶ ನಮ್ಮ ಮನೆಗೆ ಬರಕೂಡದು" ಎಂದೆ. ಊಟದ ಹೊತ್ತಿಗೆ ಅದು ಭಾಷಣವಾಗಿ ಬೆಳೆದಿತ್ತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಎನ್‌ವಿಡಿಯಾದ ಹೆಸರೆತ್ತಿ ಕ್ಯಾಮೆರಾಗೇ ಬೆರಳು ತೋರಿಸಿದ ಪ್ರಸಂಗ ಹೇಳಬೇಕಿತ್ತು. ಮಕ್ಕಳ ಮುಂದೆ ಆ ಬೆರಳು ಎತ್ತಲಾಗದೆ ಸಾರಿನ ಸೌಟು ಎತ್ತಿದೆ. ಅಮ್ಮ ಸಾರು ಬೇಕೇನೋ ಅಂದುಕೊಂಡು ಇಸಿದುಕೊಂಡು ಬಡಿಸಿದಳು.

"ಎರಡಕ್ಕೂ ದುಡ್ಡು ಕೊಡಬೇಕೇನ್ರೀ?" ಹೆಂಡತಿ ಕೇಳಿದಳು.

"ಇಲ್ಲ, ಎರಡೂ ಪುಕ್ಕಟೆ."

"ಮತ್ಯಾಕೆ ಈ ರಾದ್ಧಾಂತ?"

ಅವಳ ತವರು ಶಿಡ್ಲಘಟ್ಟ, ಮಾವನವರು ರೇಷ್ಮೆ ರೀಲರು. ಆ ದಾರಿಯಲ್ಲೇ ಹೋದೆ. "ನಿಮ್ಮಪ್ಪ ಮಾರ್ಕೆಟ್ಟಲ್ಲಿ ಗೂಡು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡದೆ ಬಿಡ್ ಹಾಕ್ತಾರಾ? ಮೂಟೆ ಬಾಯಿ ಹೊಲಿದು, ಒಳಗೆಲ್ಲ ಚೆನ್ನಾಗಿದೆ ನಂಬಿ ಅಂದ್ರೆ ಒಪ್ತಾರಾ?" ಹೋಲಿಕೆ ನನಗೇ ಬಹಳ ಹಿಡಿಸಿತು.

"ಅಪ್ಪನಿಗೆ ಗೂಡು ನೋಡೋಕೆ ಬರುತ್ತೆ. ನಿಮಗೆ ಆ ಕೋಡು ಓದೋಕೆ ಬರುತ್ತಾ?"

ಬರುವುದಿಲ್ಲ. ಬಲ್ಲವರು ಓದುತ್ತಾರೆ, ಅಷ್ಟು ಸಾಕು ಎಂಬುದು ಸರಿಯಾದ ಉತ್ತರ. ಅದು ಹೊಳೆಯುವಷ್ಟರಲ್ಲಿ ಅವಳು ತಟ್ಟೆಗಳನ್ನು ಎತ್ತಿಯಾಗಿತ್ತು.

ಯಜಮಾನನ ಕೋಟಾದಲ್ಲಿ ನೂವೋ ಗೆದ್ದಿತು. ಚಿಂತಾಮಣಿ ಕಡೆಯ ಅಮ್ಮ ಕೈವಾರ ತಾತಯ್ಯನವರ ತತ್ತ್ವಪದ ಹಾಕಿಸಿಕೊಂಡು ಕೇಳಿ ಡ್ರೈವರನ್ನು ಹರಸಿದಳು. ತತ್ತ್ವಪದಕ್ಕೆ ತೊಂದರೆಯೇ ಇರಲಿಲ್ಲ. ತೊಂದರೆ ಇದ್ದದ್ದು ಮಗನ ಆಟಕ್ಕೆ. ಪಾಸ್ಕಲ್ ಕಾರ್ಡುಗಳು ಆನ್ ಆದಾಗಿನ ಕಡಿಮೆ ವೇಗದಿಂದ ಮೇಲೇರಬೇಕಾದರೆ ಕಂಪನಿಯ ಡಿಜಿಟಲ್ ಸಹಿ ಇರುವ ಫರ್ಮ್‌ವೇರ್ ಬೇಕು. ನೂವೋಗೆ ಅದು ದಕ್ಕಿಲ್ಲ. ಹೀಗಾಗಿ ಶತ್ರು ಹಾರಿಸಿದ ಗುಂಡು ತಲುಪುವುದರೊಳಗೆ ಕಾಫಿ ಕುಡಿದು ಬರಬಹುದಿತ್ತು. ಆದರೂ ಮಗನೇ ಸಾಯುತ್ತಿದ್ದ. "ಅಪ್ಪಾ, ನಿಮ್ಮ ಸಿದ್ಧಾಂತಕ್ಕೆ ಇನ್ನೊಂದು ಸಲ ಸತ್ತೆ" ಎಂದು ಕೋಣೆಯಿಂದ ಕೂಗುತ್ತಿದ್ದ.

ಒಂದು ದಿನ ಸಂಜೆ ಕೆಲಸದಿಂದ ಬಂದಾಗ ಆಟ ನೀರಿನಂತೆ ಹರಿಯುತ್ತಿತ್ತು. ಮನೆಗೆ ಬಂದಿದ್ದ ಷಡ್ಡಕರನ್ನು ಕರೆದು ತೋರಿಸಿದೆ. "ನೋಡಿ, ತೆರೆದ ತಂತ್ರಾಂಶ ಅಂದ್ರೆ ಇದು! ಒಂದೇ ಅಪ್‌ಡೇಟಿನಲ್ಲಿ ಎಷ್ಟು ಸುಧಾರಿಸಿದೆ!" ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಾನಿಲ್ಲದಾಗ ಮಗ ಡ್ರೈವರ್‌ಗಳ ಪಟ್ಟಿ ತೆರೆದು ಮುಚ್ಚಿದ್ದನ್ನೇ ಆರಿಸಿದ್ದ. ಅದು ನನಗೆ ತಿಳಿದದ್ದು ಷಡ್ಡಕರು ಹೋದ ಮೇಲೆ. ಅವರಿಗೆ ಈಗಲೂ ತಿಳಿದಿಲ್ಲ; ನೂವೋದ ಗುಣಗಾನವನ್ನು ಅವರು ಶಿಡ್ಲಘಟ್ಟದವರೆಗೂ ಹಬ್ಬಿಸಿದ್ದಾರಂತೆ.

ಕಂಪನಿ 2022ರ ಮೇ ತಿಂಗಳಲ್ಲಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಕೋಡನ್ನು ಬಹಿರಂಗ ಮಾಡಿತಲ್ಲ, ಅದನ್ನು ಹಿಡಿದುಕೊಂಡು ನಾನು ಮರುಎಣಿಕೆಗೆ ಒತ್ತಾಯಿಸಿದೆ. ಆ ಭಾಗ್ಯ ಟ್ಯೂರಿಂಗ್ ಪೀಳಿಗೆಯಿಂದ ಈಚಿನವಕ್ಕೆ ಮಾತ್ರ, ನಮ್ಮದು ಅದಕ್ಕಿಂತ ಹಳೆಯದು ಎಂದು ಮಗನೇ ಓದಿ ಹೇಳಿದ. ಅದರಲ್ಲೂ ತೆರೆದದ್ದು ಕರ್ನಲಿಗೆ ಅಂಟಿಕೊಂಡ ಪದರ ಅಷ್ಟೇ, ಮೇಲಿನದು ಮುಚ್ಚಿಯೇ ಇದೆ.

ನನ್ನ ಪಕ್ಷಕ್ಕೆ ಒಂದೇ ಒಂದು ಒಳ್ಳೆಯ ಸುದ್ದಿ ಬಂದದ್ದು 2025ರಲ್ಲಿ: ಪಾಸ್ಕಲ್ ಕಾರ್ಡುಗಳಿಗೆ ಮುಚ್ಚಿದ ಡ್ರೈವರಿನ 580ನೇ ಸರಣಿಯೇ ಕೊನೆ. ನೂವೋ ಮಾತ್ರ ಈ ಕಾರ್ಡನ್ನು ಕೈಬಿಟ್ಟಿಲ್ಲ. "ನೋಡಿದ್ಯಾ, ಕೊನೆಗೆ ಉಳಿಯೋದು ಯಾವುದು ಅಂತ!" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ. "ಒಳ್ಳೇದಾಯ್ತು, ಅತ್ತೆ ಭಜನೆಗೆ ಇರಲಿ" ಎಂದಳು.

ಕಂಪ್ಯೂಟರ್ ಕೊಳ್ಳಲು ಹೊರಟವರಿಗೆ ನನ್ನ ಒಂದು ಮಾತು. ಈ ಚುನಾವಣೆ ಅಂಗಡಿಯಲ್ಲೇ ಮುಗಿಯಬೇಕು, ಮನೆಗೆ ಬಂದ ಮೇಲೆ ನಡೆಯುವುದಲ್ಲ. ಎಎಂಡಿ ಅಥವಾ ಇಂಟೆಲ್ ಆದರೆ ತೆರೆದ ಡ್ರೈವರ್ ಲಿನಕ್ಸಿನ ಜೊತೆಗೇ ಬರುತ್ತದೆ, ಜಗಳಕ್ಕೆ ಜಾಗವೇ ಇಲ್ಲ. ಎನ್‌ವಿಡಿಯಾ ಬೇಕೇ ಬೇಕೆಂದರೆ ಟ್ಯೂರಿಂಗ್ ಅಥವಾ ಅದರಿಂದ ಈಚಿನದು ತನ್ನಿ. ಪಾಸ್ಕಲ್ ಈಗಾಗಲೇ ಮನೆಯಲ್ಲಿದ್ದು, ಆಟವಾಡುವ ಮಗನೂ ಇದ್ದರೆ, ಸುಮ್ಮನೆ ಮುಚ್ಚಿದ್ದನ್ನು ಹಾಕಿ ಊಟಕ್ಕೆ ಕೂರಿ. ಸೌಟು ಮುಟ್ಟಬೇಡಿ.