ಮೂವತ್ತು ಮಿಲಿಮೀಟರ್ ಮರ್ಯಾದೆ

ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಗಲ್ಲಿಯ ಗ್ಯಾರೇಜು. ರಾಯರ 1996ರ ಬೆಂಜ್, ಪುಣೆಯಲ್ಲಿ ಜೋಡಿಸಿದ ಡಬ್ಲ್ಯೂ124 ಮಾದರಿ.

"ಭಾಯ್, ಗಾಡಿ ಇಳಿಸಬೇಕು."

"ಎಷ್ಟಕ್ಕೆ ಸಾರ್?"

"ರೇಟಲ್ಲಪ್ಪ, ಎತ್ತರ! ಲೋವರಿಂಗ್ ಸ್ಪ್ರಿಂಗ್. 30 ಮಿಲಿಮೀಟರಾ, 40ಆ?"

"ನಿಮ್ಮ ಬೀದಿ ಹಂಪ್ ಎಷ್ಟೆತ್ತರ?"

"ನಿಯಮದ ಪ್ರಕಾರ 10 ಸೆಂಟಿಮೀಟರ್."

"ನಿಯಮ ಬಿಡಿ, ಹಂಪ್ ಹೇಳಿ."

ರಾಯರು ಸುಮ್ಮನಾದರು. (ಬಡಾವಣೆ ಸಂಘದ ಅಧ್ಯಕ್ಷರಾಗಿದ್ದಾಗ ಅದನ್ನು ಹಾಕಿಸಿದವರು ಅವರೇ.)

"ಗಿಡ್ಡ ಸ್ಪ್ರಿಂಗ್ ಗಟ್ಟಿಯಾಗಿರ್ಬೇಕು ಸಾರ್, ಇಲ್ದಿದ್ರೆ ತಳ ಬಡಿಯುತ್ತೆ. ಗಟ್ಟಿ ಸ್ಪ್ರಿಂಗನ್ನ ಹಳೇ ಶಾಕ್ ಅಬ್ಸಾರ್ಬರ್ ತಡೆಯಲ್ಲ, ಹೊಸದು ಬೇಕು. ಬುಷ್ಷು, ಮೌಂಟು, ಆಮೇಲೆ ಅಲೈನ್‌ಮೆಂಟು... ಅದರ ಬದಲು, ಈ ಗಾಡಿ ಸ್ಪ್ರಿಂಗ್ ಮೇಲೊಂದು ರಬ್ಬರ್ ಪ್ಯಾಡ್ ಇದೆ. ತೆಳ್ಳಗಿನದು ಹಾಕಿದ್ರೆ ಒಂಚೂರು ಇಳಿಯುತ್ತೆ, ಖರ್ಚೂ ಕಮ್ಮಿ."

"ಖರ್ಚು ಮಾಡಿದ್ದು ಜನಕ್ಕೆ ಕಾಣುತ್ತಾ?"

"ಇಲ್ಲ."

"ಹಾಗಾದ್ರೆ ಬೇಡ."

ಭಾಯ್ ಬಗ್ಗಿ ಹಿಂದಿನ ಚಕ್ರಕ್ಕೆ ಟಾರ್ಚ್ ಹಿಡಿದ. "ಸಾರ್, ಎಡಗಡೆ ಆಗಲೇ ಇಳಿದಿದೆ. ಸ್ಪ್ರಿಂಗ್ ಮುರಿದಿದೆ."

ರಾಯರು ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ವಾಲಿಸಿ ನೋಡಿದರು. ಮುಖ ಅರಳಿತು.

"ಎಷ್ಟು ಚೆನ್ನಾಗಿ ಕಾಣ್ತಿದೆಯಲ್ಲೋ! ಬಲಗಡೇದು ಮುರಿಯೋಕೆ ಎಷ್ಟು ತಗೋತೀಯ?"