ಬಕನಾಮ ಮೀಮಾಂಸೆ

ಕೆರೆಯಂಚಿನಲ್ಲಿ, ಗದ್ದೆಯ ಬದುವಿನಲ್ಲಿ, ಅಷ್ಟೇಕೆ, ನಗರದ ರಾಜಕಾಲುವೆಯ ಪಕ್ಕದಲ್ಲೂ ಕತ್ತನ್ನು ಹೆಗಲೊಳಗೆ ಹುದುಗಿಸಿ ಕೂರುವ ಮಣ್ಣುಬಣ್ಣದ ಹಕ್ಕಿಯ ಹೆಸರೇನೆಂಬುದೇ ಪ್ರಸ್ತುತ ಜಿಜ್ಞಾಸೆ. ಮೀನುಗಳಿಗೆ ಈ ಜಿಜ್ಞಾಸೆ ಇಲ್ಲ. ಅಷ್ಟು ಪುರುಸೊತ್ತು ಅವಕ್ಕೆ ಸಿಗುವುದಿಲ್ಲ.

ಪೂರ್ವಪಕ್ಷ: ಇದು ಕೊಕ್ಕರೆ. ಕೊಕ್ಕು ಉದ್ದವಿದ್ದುದೆಲ್ಲ ಕೊಕ್ಕರೆ ಎಂಬುದು ನಮ್ಮ ಲೋಕನ್ಯಾಯ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ವಿಚಾರಿಸಿದರೂ ಪ್ರಯೋಜನವಿಲ್ಲ. ಅಲ್ಲಿನ ಕೀರ್ತಿಯೆಲ್ಲ ಬಣ್ಣದ ಕೊಕ್ಕರೆಯದು. ಹೆಜ್ಜಾರ್ಲೆಯೂ ಅದೇ ಹೆಸರಿನ ಆಸರೆಯಲ್ಲಿ ಸಂಸಾರ ಹೂಡಿದೆ. ನಮ್ಮ ಬಡಪಾಯಿಯನ್ನು ಕೇಳುವವರಿಲ್ಲ.

ಎರಡನೆಯ ಪಂಥದವರು ಬೆಳ್ಳಕ್ಕಿ ಎನ್ನುತ್ತಾರೆ. ಅವರು ನೋಡಿದ್ದು ಅದು ಹಾರಿದಾಗ. ಕೂತಾಗ ಕಂದುಗೀರಿನ ಮಬ್ಬು ಮೈ. ರೆಕ್ಕೆ ಬಿಚ್ಚಿತೋ, ಅಚ್ಚ ಬಿಳಿ. ಸಂತಾನಕಾಲ ಬಂದರೆ ಬೆನ್ನಿಗೆ ಕೆಂಗಂದು ಶಾಲು ಬೇರೆ. ಆಗ ಪಂಡಿತರೂ ಹೊಸ ಜಾತಿಯೇನೋ ಎಂದು ದುರ್ಬೀನು ಒರೆಸಿಕೊಳ್ಳುತ್ತಾರೆ.

ಹಿಂದಿಯವರದು ‘ಅಂಧಾ ಬಗ್ಲಾ’. ಹತ್ತಿರ ಹೋದರೂ ಕದಲದು, ಆದ್ದರಿಂದ ಕುರುಡು ಎಂಬುದು ಅವರ ತರ್ಕ. ಇಲ್ಲಿ ನಮ್ಮ ಆಕ್ಷೇಪವಿದೆ. ಎದುರಿಗೇ ಇದ್ದ ಹಕ್ಕಿಯನ್ನು ಕಾಣದೆ, ಇನ್ನೇನು ತುಳಿಯಬೇಕು ಎನ್ನುವಷ್ಟರಲ್ಲಿ ಅದು ‘ಕ್ವಾಕ್’ ಎಂದು ಹಾರಿದಾಗ ಎದೆ ಹಿಡಿದುಕೊಂಡವನು ಮನುಷ್ಯ. ಕುರುಡೆಂಬ ಬಿರುದು ಮಾತ್ರ ಹಕ್ಕಿಗೆ!

ಇನ್ನು ಶಾಸ್ತ್ರ. ಬೊಂಬಾಯಿ ಸರ್ಕಾರಕ್ಕಾಗಿ ದಖ್ಖನ್ನಿನ ಅಂಕಿಅಂಶ ಕಲೆಹಾಕುತ್ತಿದ್ದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, 1832ರಲ್ಲಿ ಇದನ್ನು ವರ್ಣಿಸಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಹೆಸರಿಗೆ ಬರೆದುಕೊಟ್ಟ. ಅಂದಿನಿಂದ ಇದು ‘ಗ್ರೇಯೈ’. ಕೆಸರು ತುಳಿದವನೊಬ್ಬ, ಖಾತೆ ಇನ್ನೊಬ್ಬನ ಹೆಸರಿಗೆ. ಕಂದಾಯ ಇಲಾಖೆ ಬಲ್ಲವರಿಗೆ ಇದರಲ್ಲಿ ಹೊಸತೇನಿಲ್ಲ. ಗ್ರೇ ಮಹಾಶಯ ಅಂಚೆಚೀಟಿ ಸಂಗ್ರಹದ ಆದ್ಯರಲ್ಲೊಬ್ಬ. ಬದುವಿಗೆ ಚೀಟಿಯಂತೆ ಅಂಟಿಕೊಂಡು ಕೂರುವ ಹಕ್ಕಿಗೂ ಆತನಿಗೂ ನಮಗೆ ಕಾಣುವ ನಂಟು ಇದೊಂದೇ.

ಕನ್ನಡದ ಪಕ್ಷಿಗ್ರಂಥಗಳು ‘ಕೊಳದ ಬಕ’ ಎಂದು ತೀರ್ಪಿತ್ತಿವೆ. ಹೆಸರೇನೋ ನೆಟ್ಟಗಿದೆ, ಬಕನ ಚರಿತ್ರೆಯೇ ಕೆಟ್ಟಿದೆ. ಏಕಚಕ್ರದಲ್ಲಿ ಬಂಡಿಯನ್ನ ಉಂಡವನೂ ಬಕ. ಕಪಟಿಗಳ ಜಪಕ್ಕೂ ಬಕಧ್ಯಾನವೆಂದೇ ಹೆಸರು. ಪಂಚತಂತ್ರದ ಆರೋಪವಂತೂ ಘೋರ: ಬೇರೆ ಕೊಳಕ್ಕೆ ಸಾಗಿಸುವೆನೆಂದು ನಂಬಿಸಿ ಮೀನುಗಳನ್ನು ತಿಂದಿತಂತೆ. ದಾಖಲೆ ಪರಿಶೀಲಿಸಿದೆವು. ಮೀನುಗಳು ಉಳಿದಿಲ್ಲ. ಬಕ ಉಳಿದಿಲ್ಲ. ಹೇಳಿಕೆ ಕೊಟ್ಟ ಏಕೈಕ ಸಾಕ್ಷಿ ಏಡಿ. ಬಕನ ಕತ್ತು ಕತ್ತರಿಸಿದ್ದೂ ಅದೇ.