ಕೂಸಿಗಿಂತ ಮೊದಲು ಕುಲಾವಿ

2022ರ ಫೆಬ್ರುವರಿ 26ರ ಬೆಳಿಗ್ಗೆ ಎಂಟು ಗಂಟೆಗೆ ರಷ್ಯಾದ ಸರ್ಕಾರಿ ಸುದ್ದಿಸಂಸ್ಥೆ ರಿಯಾ ನೊವೊಸ್ತಿ ಯುದ್ಧ ಗೆದ್ದುಬಿಟ್ಟಿತು. ಉಕ್ರೇನು ರಷ್ಯಾದ ಮಡಿಲಿಗೆ ಮರಳಿದೆ, ಪಶ್ಚಿಮದ ದೊಡ್ಡಸ್ತಿಕೆಯ ಕಾಲ ಮುಗಿದಿದೆ ಎಂದು ಸಾರುವ ವಿಜಯಲೇಖನ ಅದರ ಜಾಲತಾಣದಲ್ಲಿ ಪ್ರಕಟವಾಯಿತು. ಯಾರೋ ಮೊದಲೇ ಬರೆಸಿ, ಮುಹೂರ್ತ ಗೊತ್ತುಮಾಡಿ ಇಟ್ಟಿದ್ದಂತಿತ್ತು. ತೊಡಕು ಇಷ್ಟೇ: ದಂಡಯಾತ್ರೆ ಹೊರಟು ಆಗಿನ್ನೂ ಮೂರನೇ ದಿನ, ಕೀವ್ ನಗರ ಇದ್ದಲ್ಲೇ ಇತ್ತು. ಲೇಖನವನ್ನು ಸದ್ದಿಲ್ಲದೆ ಅಳಿಸಿದರು. ಅಂತರ್ಜಾಲದ ಪ್ರತಿಗಳು ಮಾತ್ರ ಅಳಿಯಲಿಲ್ಲ.

ಮತ್ತೆ ಮೂರು ದಿನಕ್ಕೆ, ಮಾರ್ಚ್ 1ರಂದು, ಹಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಸಿಕ್ಕಿ ಸತ್ತ. ಗೆದ್ದು ಮುಗಿದಿದ್ದ ಯುದ್ಧದಲ್ಲಿ.

ರಷ್ಯಾದ ಸೈನ್ಯವೂ ಆ ವಿಜಯಲೇಖನ ಓದಿಕೊಂಡೇ ಹೊರಟಿತ್ತೋ ಏನೋ. ಕೀವ್‌ನ ಉತ್ತರಕ್ಕೆ ಅರವತ್ತು ಕಿಲೋಮೀಟರಿನಷ್ಟು ಉದ್ದಕ್ಕೆ ವಾಹನಗಳು ಸಾಲಾಗಿ ನಿಂತವು, ನಿಂತೇ ಇದ್ದವು. ಕೈಗೆ ಸಿಕ್ಕ ವಾಹನಗಳಲ್ಲಿ ಪೆರೇಡಿನ ಸಮವಸ್ತ್ರ ಮಡಿಸಿಟ್ಟಿತ್ತು ಎಂದರು ಉಕ್ರೇನಿಗರು. ಮಾರ್ಚ್ ಕೊನೆಗೆ ರಷ್ಯಾ ಅಲ್ಲಿಂದ ಕಾಲ್ತೆಗೆಯಿತು. ಸೋತಲ್ಲವಂತೆ, ಮಾತುಕತೆಗೆ ನಂಬಿಕೆ ಬೆಳೆಸಲಿಕ್ಕಂತೆ.

ಈ ನಾಟಕದ ನಿಜವಾದ ಸ್ವಾರಸ್ಯ ಇರುವುದು ಯುದ್ಧಕ್ಕೆ ಮೂರು ದಿನ ಮೊದಲು ಕ್ರೆಮ್ಲಿನ್‌ನಲ್ಲಿ ಸೇರಿದ ಭದ್ರತಾ ಮಂಡಳಿಯ ಸಭೆಯಲ್ಲಿ. ಇಡೀ ದೇಶ ಟಿವಿಯಲ್ಲಿ ನೋಡಿದ ಸಭೆ. ಒಂದು ಕಡೆ ದೊಡ್ಡ ಮೇಜಿನ ಹಿಂದೆ ಪುಟಿನ್ ಒಬ್ಬರೇ. ದೂರದಲ್ಲಿ, ಪರೀಕ್ಷೆಗೆ ಬಂದ ಮಕ್ಕಳ ಹಾಗೆ, ಮಂತ್ರಿಗಳು ಮತ್ತು ಗೂಢಚರ್ಯೆಯ ಯಜಮಾನರು. ಪೂರ್ವ ಉಕ್ರೇನಿನ ಡೊನೆಟ್ಸ್ಕ್, ಲುಹಾನ್ಸ್ಕ್‌ಗಳನ್ನು ಸ್ವತಂತ್ರ ದೇಶಗಳೆಂದು ಒಪ್ಪುತ್ತೀರಾ ಎಂಬುದು ಪ್ರಶ್ನೆ. ವಿದೇಶಿ ಗೂಢಚರ್ಯೆಯ ಮುಖ್ಯಸ್ಥ ನರಿಶ್ಕಿನ್ ತೊದಲಿದರು. ಸ್ಪಷ್ಟವಾಗಿ ಹೇಳಿ ಎಂದು ಗದರಿಸಿಕೊಂಡು, ಅವು ರಷ್ಯಾಕ್ಕೆ ಸೇರುವುದನ್ನು ಬೆಂಬಲಿಸುತ್ತೇನೆ ಎಂದುಬಿಟ್ಟರು. ನಾವು ಮಾತಾಡುತ್ತಿರುವುದು ಅದಲ್ಲ, ಎಂದರು ಪುಟಿನ್. ಪಾಪ, ಮನುಷ್ಯ ಮುಂದಿನ ಅಂಕದ ಮಾತನ್ನು ಮೊದಲನೇ ಅಂಕದಲ್ಲೇ ಆಡಿಬಿಟ್ಟಿದ್ದರು. ಜಗತ್ತನ್ನೆಲ್ಲ ಏಮಾರಿಸಬೇಕಾದ ಇಲಾಖೆಯ ಒಡೆಯ ತನ್ನ ಯಜಮಾನನ ಮುಂದೆ ಸರಿಯುತ್ತರ ಯಾವುದೆಂದು ಹುಡುಕಿ ಬೆವರುತ್ತಿದ್ದರು. ಅಂಥವರು ಉಕ್ರೇನಿನ ಕುರಿತು ಯಜಮಾನನಿಗೆ ಯಾವ ಕಹಿ ಸತ್ಯ ಹೇಳಿರಬಹುದು, ನೀವೇ ಊಹಿಸಿ.

ಆ ಮುಂದಿನ ಅಂಕ ಸೆಪ್ಟೆಂಬರ್ 30ಕ್ಕೆ ಬಂತು. ಉಕ್ರೇನಿನ ನಾಲ್ಕು ಪ್ರಾಂತ್ಯಗಳು ರಷ್ಯಾಕ್ಕೆ ಸೇರಿದವೆಂದು ಘೋಷಣೆಯಾಯಿತು. ಹಾಗಾದರೆ ಗಡಿ ಎಲ್ಲಿದೆ ಎಂದು ಪತ್ರಕರ್ತರು ಕೇಳಿದಾಗ, ಅಲ್ಲಿನ ಜನರ ಜೊತೆ ಸಮಾಲೋಚನೆ ಮುಂದುವರಿಸುತ್ತೇವೆ ಎಂದರು ಕ್ರೆಮ್ಲಿನ್ ವಕ್ತಾರ ಪೆಸ್ಕೊವ್. ಈ ಯುದ್ಧದಲ್ಲಿ ರಷ್ಯಾ ಹಿಡಿಯದ ಝಪೊರಿಝಿಯಾ ನಗರವೂ ಸೇರಿದ ಪ್ರಾಂತ್ಯ ಈಗ ಅದರ ಸಂವಿಧಾನದಲ್ಲಿದೆ. ‘ರಷ್ಯಾ ಇಲ್ಲಿ ಎಂದೆಂದಿಗೂ’ ಎಂದು ಹೆರ್ಸಾನ್ ನಗರದ ತುಂಬ ಫಲಕ ನಿಲ್ಲಿಸಿದ್ದರು. ಘೋಷಣೆಯಾದ ಆರು ವಾರಕ್ಕೆ ರಷ್ಯಾದ ಸೈನ್ಯ ನದಿ ದಾಟಿ ಆಚೆ ಹೋಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ನಾವು ಕೇಳಿದ್ದೇವೆ. ಕುಲಾವಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ ದೇಶ ಇದು.

ಹೊರಗಿನವರ ಮುಂದೆ ಇದೇ ಜನರಿಗೆ ಮಹಾಮೇಧಾವಿಗಳೆಂಬ ಹೆಸರಿತ್ತು. 2013ರಲ್ಲಿ ಸೇನಾ ಮುಖ್ಯಸ್ಥ ಗೆರಾಸಿಮೊವ್ ಒಂದು ಲೇಖನ ಬರೆದರು: ಯುದ್ಧಕ್ಕೂ ಶಾಂತಿಗೂ ನಡುವಿನ ಗೆರೆ ಮಸುಕಾಗುತ್ತಿದೆ, ಬಂದೂಕಿಲ್ಲದ ಉಪಾಯಗಳು ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತವೆ ಎಂದು. ಬ್ರಿಟನ್ನಿನ ವಿದ್ವಾಂಸ ಮಾರ್ಕ್ ಗಾಲಿಯೊಟ್ಟಿ ಅದಕ್ಕೆ ‘ಗೆರಾಸಿಮೊವ್ ಸಿದ್ಧಾಂತ’ ಎಂದು ಹೆಸರಿಟ್ಟರು. ವಿಚಾರಸಂಕಿರಣಗಳು ನಡೆದವು, ತಜ್ಞರಿಗೆ ಅನ್ನ ಹುಟ್ಟಿತು. 2018ರಲ್ಲಿ ಗಾಲಿಯೊಟ್ಟಿಯವರೇ, ಅಂಥ ಸಿದ್ಧಾಂತ ಇಲ್ಲ, ಹೆಸರಿಟ್ಟದ್ದಕ್ಕೆ ಕ್ಷಮಿಸಿ ಎಂದು ಬರೆದರು. ಯಾರು ಕೇಳುತ್ತಾರೆ? ಆ ಮೇಧಾವಿತನವೇ ರಷ್ಯಾದ ಅತ್ಯುತ್ತಮ ರಫ್ತು, ಅದನ್ನು ಪ್ಯಾಕ್ ಮಾಡಿಕೊಟ್ಟವರು ಪಶ್ಚಿಮದವರು. (ಅವರೇನು ಕಡಿಮೆ? 2003ರಲ್ಲಿ ವಿಶ್ವಸಂಸ್ಥೆಯಲ್ಲಿ ಸಣ್ಣ ಸೀಸೆ ಎತ್ತಿ ತೋರಿಸಿ, ಜೈವಿಕ ಅಸ್ತ್ರವಿದೆಯೆಂದು ಇರಾಕಿನ ಮೇಲೆ ಬಿದ್ದವರು.)

ರಷ್ಯಾದ ಕಸುಬಿನ ಗುಟ್ಟು ನಂಬಿಸುವುದಲ್ಲ, ಸುಸ್ತು ಮಾಡುವುದು. 2014ರಲ್ಲಿ ಪೂರ್ವ ಉಕ್ರೇನಿನ ಆಕಾಶದಲ್ಲಿ ಮಲೇಷ್ಯಾದ ವಿಮಾನ ಹೊಡೆತಕ್ಕೆ ಸಿಕ್ಕಿ ಉರುಳಿ 298 ಜನ ಸತ್ತರು. ರಷ್ಯಾದವರು ಮೊದಲು ಉಕ್ರೇನಿನ ಯುದ್ಧವಿಮಾನದತ್ತ ಬೆರಳು ತೋರಿಸಿದರು. ಆಮೇಲೆ ಕ್ಷಿಪಣಿಯೇ ಸರಿ, ಆದರೆ ಉಕ್ರೇನಿನದು ಎಂದರು. ಒಂದು ಕಥೆ ಇನ್ನೊಂದನ್ನು ಸುಳ್ಳು ಮಾಡಿದರೂ ಅಡ್ಡಿಯಿಲ್ಲ, ಕೇಳುವವನು ಆಕಳಿಸಿ ಎದ್ದು ಹೋದರೆ ಕೆಲಸ ಆದಂತೆ. 2018ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಮಾಜಿ ಗೂಢಚಾರನಿಗೆ ವಿಷವಿಕ್ಕಿದ ಆರೋಪ ಹೊತ್ತ ಇಬ್ಬರು ಟಿವಿಗೆ ಬಂದು, ತಾವು ಪ್ರವಾಸಿಗರು, ಅಲ್ಲಿನ ಚರ್ಚಿನ 123 ಮೀಟರ್ ಗೋಪುರ ನೋಡಲು ಹೋಗಿದ್ದೆವು ಎಂದರು. ಗೋಪುರದ ಎತ್ತರ ಬಾಯಿಪಾಠವಾಗಿತ್ತು. ಕಪ್ಪು ಸಮುದ್ರದ ನೌಕಾಪಡೆಯ ಮುಖ್ಯ ಹಡಗು ‘ಮಾಸ್ಕ್ವಾ’ ಮುಳುಗಿದಾಗ, ಒಳಗೆ ಬೆಂಕಿ ಬಿದ್ದು ಮದ್ದುಗುಂಡು ಸಿಡಿಯಿತು, ಎಳೆದು ತರುವಾಗ ಸಮುದ್ರ ಒರಟಾಗಿತ್ತು ಎಂದರು. ಶತ್ರು ಹೊಡೆದ ಎನ್ನುವುದಕ್ಕಿಂತ ನಮ್ಮಷ್ಟಕ್ಕೆ ನಾವೇ ಮುಳುಗಿದೆವು ಎನ್ನುವುದೇ ಮರ್ಯಾದೆಯಂತೆ!

ಮನೆಯೊಳಗಿನ ನಿಯಮ ಬೇರೆ. 2022ರ ಮಾರ್ಚ್ 4ರ ಕಾನೂನಿನಂತೆ ಸೈನ್ಯದ ಬಗ್ಗೆ ‘ಸುಳ್ಳು’ ಹೇಳಿದವರಿಗೆ 15 ವರ್ಷದವರೆಗೆ ಜೈಲು. ಖಾಲಿ ಹಾಳೆ ಹಿಡಿದು ನಿಂತವರನ್ನೂ ಪೊಲೀಸರು ಎತ್ತಿಕೊಂಡು ಹೋದರು. ಹಾಳೆಯ ಮೇಲೆ ಬರೆಯದೆ ಬಿಟ್ಟದ್ದು ಏನೆಂದು ಪೊಲೀಸರಿಗೆ ಚೆನ್ನಾಗಿ ಗೊತ್ತಿತ್ತು. ಎದುರು ಮಾತಾಡುವವರನ್ನೆಲ್ಲ ಒಳಗೆ ಹಾಕಿದ ಮೇಲೆ ಉಳಿಯುವುದು ಸ್ವಂತ ಪ್ರಚಾರವೊಂದೇ. ಅದನ್ನು ನಂಬಿಯೇ ದಂಡು ನಡೆಸಬೇಕು.

ಈ ಸುಳ್ಳಿನ ಕಾರ್ಖಾನೆಗೆ ನಮ್ಮ ದೇಶವೂ ಹಳೆಯ ಗಿರಾಕಿ. ಏಡ್ಸ್ ರೋಗ ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿ ಹುಟ್ಟಿತೆಂಬ ಕಥೆಯನ್ನು ಕೆಜಿಬಿ 1983ರಲ್ಲಿ ಮೊದಲು ಅಚ್ಚು ಹಾಕಿಸಿದ್ದು ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ. ಈಗ ಪತ್ರಿಕೆಯ ಹಂಗಿಲ್ಲ. ಯೂಟ್ಯೂಬ್ ವಿಡಿಯೋಗಳನ್ನೂ ಏಜೆಂಟರ ಮಾತನ್ನೂ ನಂಬಿ, ಸಹಾಯಕ, ಭದ್ರತಾ ಸಿಬ್ಬಂದಿ ಕೆಲಸವೆಂದು ರಷ್ಯಾಕ್ಕೆ ಹೋದ ಭಾರತೀಯ ಯುವಕರು ಕೈಯಲ್ಲಿ ಬಂದೂಕು ಹಿಡಿದು ಯುದ್ಧದ ಮುಂಚೂಣಿಯಲ್ಲಿ ನಿಂತದ್ದು 2024ರಲ್ಲಿ ಹೊರಗೆ ಬಂತು. ಕೆಲವರು ಹೆಣವಾದರು. ಸಿಕ್ಕಿಕೊಂಡವರಲ್ಲಿ ಕಲಬುರಗಿಯ ಹುಡುಗರೂ ಇದ್ದರು. ನಿಮ್ಮ ಮನೆಯಲ್ಲೂ ಅಂಥ ವಿಡಿಯೋ ನೋಡುತ್ತಿರುವ ಹುಡುಗರಿದ್ದರೆ, ಸಂಬಳ ಎಷ್ಟೆಂದು ಆಮೇಲೆ ಕೇಳಿ. ಸಹಿ ಹಾಕಬೇಕಾದ ಕರಾರುಪತ್ರ ಯಾವ ಭಾಷೆಯಲ್ಲಿದೆ ಎಂದು ಮೊದಲು ಕೇಳಿ.